‘ಪಾರಂಪರಿಕ ಸುಣ್ಣದ ಗಾರೆ’: ಚೀಲದ ಮೇಲಿನ ಹೆಸರು, ಚೀಲದೊಳಗಿನ ಪುಡಿ

ಉಡುಪಿ ಸೀಮೆಯಲ್ಲಿರುವ ನಮ್ಮ ಚೌಕಿಮನೆಯ ಚಾವಡಿ ಗೋಡೆಯ ದುರಸ್ತಿಗೆಂದು, ನೀರು ಬೆರೆಸಿದರೆ ಸಾಕೆಂದು ಹೇಳಿ ‘ಪಾರಂಪರಿಕ ಸುಣ್ಣದ ಗಾರೆ’ ಎಂಬ ಹೆಸರಿನಲ್ಲಿ ಮಾರಲಾಗುವ ಸಿದ್ಧಮಿಶ್ರಣದ ಎರಡು ಚೀಲಗಳನ್ನು ತರಿಸಿದ್ದೆ.

ಬಳಕೆಯ ಸೌಕರ್ಯದಲ್ಲಿ ದೂರಲು ಏನೂ ಇಲ್ಲ. ಸುಣ್ಣವನ್ನು ತಿಂಗಳುಗಟ್ಟಲೆ ನೆನೆಹಾಕುವ, ಮರಳು ಜರಡಿ ಹಿಡಿಯುವ ಗೋಜಿಲ್ಲ. ಕರಣೆಗೆ ಹಿತವಾಗಿ ಹರಡುತ್ತದೆ, ಬಣ್ಣವೂ ಹಳೆಯ ಗೋಡೆಗೆ ಒಪ್ಪುತ್ತದೆ. ಆದರೆ ಸಂಜೆ ಬಳಿದ ಗಾರೆ ಬೆಳಗಾಗುವಷ್ಟರಲ್ಲಿ ಉಗುರಿಗೆ ಜಗ್ಗದಷ್ಟು ಗಡುಸಾಗಿತ್ತು. ಬರಿಯ ಸುಣ್ಣದ ಸ್ವಭಾವ ಅದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಅದು ವಾರಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಅನುಮಾನ ಬಂದು, ಕಲಸಿದ ಒಂದು ಮುಷ್ಟಿಯನ್ನು ಡಬ್ಬಿಗೆ ಹಾಕಿ, ಮೇಲೆ ನೀರು ನಿಲ್ಲಿಸಿ ಮುಚ್ಚಿಟ್ಟೆ. ಅಪ್ಪಟ ಸುಣ್ಣವಾಗಿದ್ದರೆ ಬೆಣ್ಣೆಯಂತೆ ಉಳಿಯಬೇಕಿತ್ತು; ಮೂರನೆಯ ದಿನ ಉಳಿಯಿಂದ ಒಡೆದು ತೆಗೆಯಬೇಕಾಯಿತು. ನೀರಿನೊಳಗೂ ಬಿಗಿಯುವುದು ಸಿಮೆಂಟು, ಇಲ್ಲವೇ ಜೇಡಿಯ ಅಂಶವಿರುವ ಸುಣ್ಣಕಲ್ಲನ್ನು ಸುಟ್ಟು ಪಡೆದ ಹೈಡ್ರಾಲಿಕ್ ಸುಣ್ಣ. ಇಟ್ಟಿಗೆ ಪುಡಿ ಬೆರೆಸಿದರೂ ಸ್ವಲ್ಪಮಟ್ಟಿಗೆ ಹೀಗಾಗುವುದುಂಟು. ಇವುಗಳಲ್ಲಿ ಯಾವುದೆಂದು ಚೀಲದ ಮೇಲೆ ಎಲ್ಲಿಯೂ ನಮೂದಿಸಿಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ಇದು ಬರಿಯ ಹೆಸರಿನ ಜಗಳವಲ್ಲ. ನಮ್ಮ ಚಾವಡಿಯದರಂಥ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಗೆಯಲ್ಲಿ ಗಾರೆಯ ಮೂಲಕ ಹೊರಬಿಡುತ್ತದೆ. ಗಾರೆಯೇ ಕಲ್ಲಿಗಿಂತ ಗಟ್ಟಿಯಾಗಿ ಕೂತರೆ ತೇವ ಒಳಗುಳಿದು, ಉಪ್ಪು ಹರಳುಗಟ್ಟಿ, ಗಾರೆಯ ಬದಲು ಕಲ್ಲು ಉದುರತೊಡಗುತ್ತದೆ. ಹಳೆಯ ಗಾರೆಯವರ ಲೆಕ್ಕದಲ್ಲಿ ಸವೆಯುವುದು ಗಾರೆಯ ಪಾಲಿನ ಕೆಲಸ.

ಸಂರಕ್ಷಣೆಯ ಶಾಸ್ತ್ರವೂ ಇದನ್ನು ಪೆಟ್ಟು ತಿಂದೇ ಕಲಿಯಿತು. ಹಳೆಯ ಕಟ್ಟಡಗಳ ಬಲವರ್ಧನೆಗೆ ಆಧುನಿಕ ಸಾಮಗ್ರಿಗಳನ್ನು, ಅದರಲ್ಲೂ ಕಬ್ಬಿಣ ಹುದುಗಿಸಿದ ಕಾಂಕ್ರೀಟನ್ನು, ವಿವೇಚನೆಯಿಂದ ಬಳಸಲು ಸ್ಮಾರಕಗಳ ಸಂರಕ್ಷಣೆ ಕುರಿತ 1931ರ ಅಂತರರಾಷ್ಟ್ರೀಯ ಅಥೆನ್ಸ್ ಸನ್ನದು ಸಮ್ಮತಿಸಿತ್ತು. ಆ ಹೊತ್ತಿನಲ್ಲಿ ಅದೇ ಊರಿನ ಆಕ್ರೊಪೊಲಿಸ್ ಬೆಟ್ಟದ ಮೇಲೆ ನಿಕೊಲಾಸ್ ಬಲಾನೊಸ್ ಎಂಬ ಎಂಜಿನಿಯರು ಪಾರ್ಥೆನಾನ್ ದೇಗುಲದ ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಜೋಡಿಸುತ್ತಿದ್ದರು. ಪ್ರಾಚೀನ ಗ್ರೀಕರು ತಮ್ಮ ಪಟ್ಟಿಗಳ ಸುತ್ತ ಸೀಸ ಎರೆದು ಕಾಪಾಡಿದ್ದರು. ಬಲಾನೊಸ್ ಆ ಎಚ್ಚರ ವಹಿಸಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. 1975ರಲ್ಲಿ ರಚನೆಯಾದ ಸಮಿತಿಯ ನೇತೃತ್ವದಲ್ಲಿ ಆ ಪಟ್ಟಿಗಳನ್ನು ಕಿತ್ತು ಟೈಟಾನಿಯಂ ಹಾಕಬೇಕಾಯಿತು. ಈ ನಡುವೆ 1964ರ ವೆನಿಸ್ ಸನ್ನದು ಮಾತನ್ನು ಬಿಗಿಗೊಳಿಸಿತ್ತು: ಸಾಂಪ್ರದಾಯಿಕ ವಿಧಾನ ಸಾಲದೆಂದು ಕಂಡಾಗ ಆಧುನಿಕ ತಂತ್ರಕ್ಕೆ ಕೈಹಾಕಬಹುದು, ಆದರೆ ಅದರ ಗುಣ ವಿಜ್ಞಾನದಿಂದಲೂ ಅನುಭವದಿಂದಲೂ ಸಾಬೀತಾಗಿರಬೇಕು. ಘಟಕಗಳ ಪಟ್ಟಿಯನ್ನೇ ಕೊಡದ ಚೀಲ ಈ ಪರೀಕ್ಷೆಗೆ ಕೂರುವುದಾದರೂ ಹೇಗೆ?

ಹೊಸ ಇಟ್ಟಿಗೆ ಗೋಡೆಗೆ ಈ ಮಿಶ್ರಣವನ್ನು ಧಾರಾಳವಾಗಿ ಬಳಸಬಹುದು. ನಮ್ಮ ಎರಡನೆಯ ಚೀಲ ಬಚ್ಚಲುಮನೆಗೆ ಸಂದಿತು. ಮುರಕಲ್ಲು ಅಥವಾ ಮಣ್ಣಿನ ಹಳೆಯ ಗೋಡೆಗೆ ನಾನು ಶಿಫಾರಸು ಮಾಡಲಾರೆ. ಚಾವಡಿಗೆ ಈಗ ಕಪ್ಪೆಚಿಪ್ಪಿನ ಸುಣ್ಣ ಪೀಪಾಯಿಯಲ್ಲಿ ನೆನೆಯುತ್ತಿದೆ. ಮೊದಲು ಬಳಿದಿದ್ದ ಒಂದು ಮಾರಿನಷ್ಟು ಗಾರೆಯನ್ನು ನಾಲ್ಕೇ ದಿನಗಳಲ್ಲಿ ಕಿತ್ತೆವು. ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂದ ಅದರ ಬೆನ್ನಿಗೆ ಮುರಕಲ್ಲಿನ ಕೆಂಪು ಪದರವೂ ಅಂಟಿಕೊಂಡಿತ್ತು.