ಮಾರುತಿ 800ರ ಕ್ಲಚ್ ಸ್ಲಿಪ್: ಕೇಬಲ್, ಪ್ಲೇಟ್ ಮಾತ್ರ, ಪೂರ್ತಿ ಸೆಟ್ – ಮೂರನ್ನೂ ಮಾಡಿಸಿ ನೋಡಿದ ಮೇಲೆ

ಕ್ಲಚ್ ಜಾರತೊಡಗಿ, ಅಂದರೆ ಇಂಜಿನ್ನಿನ ಬಲ ಚಕ್ರಗಳಿಗೆ ಪೂರ್ತಿ ತಲುಪದಂತಾಗಿ, ಗೇರ್‌ಬಾಕ್ಸ್ ಇಳಿಸುವ ಸಂದರ್ಭ ಬಂದೇ ಬಂತೆಂದರೆ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿ, ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ಆಯಿಲ್ ಸೀಲನ್ನೂ ಹೊಸದಾಗಿ ಹಾಕಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2004ರ ನನ್ನ ಮಾರುತಿ 800 ಕಾರಿಗೆ ಒಂದೇ ವರ್ಷದಲ್ಲಿ ಮೊದಲು ಪೆಡಲನ್ನು ಕ್ಲಚ್ಚಿಗೆ ಜೋಡಿಸುವ ಕೇಬಲ್ ಹೊಂದಿಸಿ, ಆಮೇಲೆ ಪ್ಲೇಟ್ ಮಾತ್ರ ಬದಲಾಯಿಸಿ, ಕೊನೆಗೆ ಪೂರ್ತಿ ಸೆಟ್ ಹಾಕಿಸಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ. ನಾನು ಹೆಬ್ರಿಯವನು, ವಾರಕ್ಕೆ ಎರಡು ಬಾರಿ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗಿಬರಬೇಕು. ಆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಎದುರಿನಿಂದ ವಾಹನ ಬಂದರೆ ಏರಿನಲ್ಲೇ ನಿಂತು ಮತ್ತೆ ಮೊದಲನೇ ಗೇರಿನಲ್ಲಿ ಹೊರಡಬೇಕಾಗುವುದರಿಂದ, ಅರೆಬರೆ ಕ್ಲಚ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ತೊಂದರೆ ಮೊದಲು ಕಾಣಿಸಿಕೊಂಡಾಗ ಇಂಜಿನ್ನೇ ಸೋತಿದೆ ಎಂದು ಭಾವಿಸಿದ್ದೆ. ಇಂಜಿನ್ ಸೋತಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಅದರ ಸದ್ದೂ ಏರಲು ಹಿಂಜರಿಯುತ್ತದೆ. ಕ್ಲಚ್ ಜಾರುತ್ತಿದ್ದರೆ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ. ನನ್ನ ಕಾರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲವಾದ್ದರಿಂದ ಈ ವ್ಯತ್ಯಾಸವನ್ನು ಕಿವಿಯಿಂದಲೇ ಹಿಡಿಯಬೇಕಾಯಿತು. ಖಚಿತಪಡಿಸಿಕೊಳ್ಳಲು ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನೂ ಒತ್ತಿ ಹಿಡಿದು, ಇಂಜಿನ್ ಚಾಲೂ ಇರುವಾಗ ನಾಲ್ಕನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ. ಕ್ಲಚ್ ಸರಿಯಿದ್ದರೆ ಇಂಜಿನ್ ತಕ್ಷಣ ಬಂದಾಗಬೇಕು. ನನ್ನದು ಪೆಡಲ್ ಪೂರ್ತಿ ಬಿಟ್ಟ ಮೇಲೂ ಓಡುತ್ತಲೇ ಇತ್ತು. ಪ್ರತಿ ಬಾರಿಯೂ ಕ್ಲಚ್ ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಸುಡುವುದರಿಂದ ಈ ಪರೀಕ್ಷೆಯನ್ನು ಒಮ್ಮೆ ಮಾಡಿ, ಎರಡು ಮೂರು ಸೆಕೆಂಡಿನಲ್ಲಿ ನಿಲ್ಲಿಸಬೇಕು.

ಕೇಬಲ್ ಹೊಂದಿಸುವುದು ನೂರು ರೂಪಾಯಿಯ ಕೆಲಸ. ಎಲ್ಲಕ್ಕಿಂತ ಮೊದಲು ಅದನ್ನೇ ನೋಡಬೇಕು. ಆದರೆ ಕೇಬಲಿನ ನಟ್ ಯಾವ ಕಡೆಗೆ ತಿರುಗಿಸಬೇಕೆಂಬುದು ಗೊತ್ತಿರಬೇಕು. ಈ ಕಾರಿನಲ್ಲಿ ಲೈನಿಂಗ್ ಸವೆದಂತೆ ಪೆಡಲಿನ ಬಿಡುವು ಕಡಿಮೆಯಾಗುತ್ತ ಹೋಗುತ್ತದೆ. ಪೆಡಲನ್ನು ಕೈಯಿಂದ ಒತ್ತಿದಾಗ ಗಟ್ಟಿ ಎನಿಸುವ ಮುನ್ನ ಸುಮಾರು 2 ಸೆಂ.ಮೀ. ಸಡಿಲ ಇರಬೇಕು, ಅದು ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಪ್ರೆಷರ್ ಪ್ಲೇಟಿನ ಬೆರಳುಗಳನ್ನು (ಸ್ಪ್ರಿಂಗಿನ ಚಾಚಿದ ತುದಿಗಳನ್ನು) ಸದಾ ಒತ್ತಿಕೊಂಡೇ ಇರುತ್ತದೆ, ಅಂದರೆ ಚಾಲಕನ ಕಾಲು ಸದಾ ಕ್ಲಚ್ಚಿನ ಮೇಲಿದ್ದಂತೆಯೇ ಆಗುತ್ತದೆ. ನನ್ನ ಕಾರಿನ ಕೇಬಲನ್ನು ಮೊದಲ ಗ್ಯಾರೇಜಿನಲ್ಲಿ ಇನ್ನಷ್ಟು ಬಿಗಿ ಮಾಡಿದ್ದರಿಂದ ಜಾರುವಿಕೆ ಹೆಚ್ಚಾಯಿತು. ಮನೆಯಲ್ಲಿ ನಾನೇ ನಟ್ ಸಡಿಲಿಸಿದ ಮೇಲೆ ಒಂದು ತಿಂಗಳು ಕಾರು ಚೆನ್ನಾಗಿಯೇ ಓಡಿತು. ನಂತರ ಘಾಟಿಯಲ್ಲಿ ಸುಟ್ಟ ವಾಸನೆ ಶುರುವಾಯಿತು.

ಪ್ಲೇಟ್ ಮಾತ್ರ ಬದಲಾಯಿಸಿದ್ದು ಎರಡನೆಯ ದಾರಿ. ಗೇರ್‌ಬಾಕ್ಸ್ ಇಳಿಸಿದಾಗ ಹಳೆಯ ಪ್ಲೇಟಿನ ರಿವೆಟ್ ತಲೆಗಳು ಲೈನಿಂಗಿನ ಮಟ್ಟಕ್ಕೆ ಬಂದು ಹೊಳೆಯುತ್ತಿದ್ದವು, ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ನಿನ ಚಕ್ರವಾದ ಫ್ಲೈವೀಲಿನ ಮೇಲೆ ಅವು ಕೊರೆದ ತೆಳುವಾದ ವೃತ್ತಗಳೂ ಕಂಡವು. “ಪ್ರೆಷರ್ ಪ್ಲೇಟ್ ಚೆನ್ನಾಗಿಯೇ ಇದೆ ಸರ್, ಬರೀ ಪ್ಲೇಟ್ ಹಾಕಿದರೆ ಸಾಕು” ಎಂದು ಮೆಕ್ಯಾನಿಕ್ ಹೇಳಿದರು. ಖರ್ಚು ಉಳಿಯುವ ಆಸೆಯಿಂದ ನಾನೂ ಒಪ್ಪಿದೆ. ಪ್ಲೇಟಿಗೆ 1,100, ಗೇರ್ ಆಯಿಲಿಗೆ 320, ಕೂಲಿ 1,500, ಒಟ್ಟು 2,920 ರೂಪಾಯಿ ಆಯಿತು. ಜಾರುವುದೇನೋ ನಿಂತಿತು. ಆದರೆ ಹಳೆಯ ಪ್ರೆಷರ್ ಪ್ಲೇಟಿನಲ್ಲಿ ಕಾವಿನಿಂದ ಎದ್ದ ನೀಲಿ ಕಲೆಗಳು ಹಾಗೆಯೇ ಇದ್ದುದರಿಂದ ಏರಿನಲ್ಲಿ ಹೊರಡುವಾಗ ಕಾರು ಗಡಗಡನೆ ನಡುಗುತ್ತಿತ್ತು.

ನಡುಕವನ್ನು ಸಹಿಸಿಕೊಳ್ಳಬಹುದಿತ್ತು; ನಿಜವಾದ ಪೆಟ್ಟು ಕೊಟ್ಟಿದ್ದು ಆಯಿಲ್ ಸೀಲ್. ಮೂರನೇ ತಿಂಗಳಿನಲ್ಲಿ ಹೊಸ ಪ್ಲೇಟ್ ಕೂಡ ಜಾರತೊಡಗಿತು. ಕಾರು ರಾತ್ರಿ ನಿಂತಿದ್ದ ಜಾಗದಲ್ಲಿ ಬೆಳಿಗ್ಗೆ ಒಂದೆರಡು ಕಪ್ಪು ಹನಿಗಳು ಕಾಣುತ್ತಿದ್ದವು. ಬಗ್ಗಿ ನೋಡಿದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಸಂದಿಯ ಕೆಳಭಾಗ ಒದ್ದೆಯಾಗಿತ್ತು. ಆ ಎಣ್ಣೆ ಎಲ್ಲಿಯದೆಂದು ಬೆರಳಿಗೆ ಹಚ್ಚಿ ಮೂಸಿದರೆ ತಿಳಿಯುತ್ತದೆ: ಗೇರ್ ಆಯಿಲಿಗೆ ಗಂಧಕದಂತಹ ಕಟು ವಾಸನೆ ಇರುತ್ತದೆ, ಓಡಿದ ಇಂಜಿನ್ ಆಯಿಲ್ ಕಪ್ಪಾಗಿದ್ದು ಆ ಕಟುತನ ಇರುವುದಿಲ್ಲ. ನನ್ನ ಬೆರಳಿಗೆ ಹತ್ತಿದ್ದು ಇಂಜಿನ್ ಆಯಿಲ್. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲಿನ ರಬ್ಬರ್ ಗಟ್ಟಿಯಾಗಿ ಎಣ್ಣೆ ಒಸರುತ್ತಿತ್ತು. ತಿರುಗುವ ಫ್ಲೈವೀಲ್ ಅದನ್ನು ಸುತ್ತಲೂ ಎರಚಿ ಹೊಸ ಲೈನಿಂಗನ್ನು ತೋಯಿಸಿತ್ತು.

ನನಗೆ ಬೇಸರವಾದದ್ದು ಸೀಲ್ ಹಾಳಾಯಿತೆಂದಲ್ಲ, ಅದರ ಬೆಲೆ ಬರೀ 180 ರೂಪಾಯಿ ಎಂದು. ಅದನ್ನು ಹಾಕಲು ಫ್ಲೈವೀಲ್ ಬಿಚ್ಚಬೇಕಾಗುವುದರಿಂದ ಹಿಂದಿನ ಸಲ ಆ ಕಡೆ ಯಾರೂ ಕೈ ಹಾಕಲಿಲ್ಲ, ಕೇಳಬೇಕೆಂಬುದು ನನಗೂ ತಿಳಿದಿರಲಿಲ್ಲ. ಆ 180 ರೂಪಾಯಿಯ ರಬ್ಬರ್ ಬಳೆಗಾಗಿ ಡ್ರೈವ್‌ಶಾಫ್ಟ್ ಕಳಚಿ, ಗೇರ್ ಆಯಿಲ್ ಬಸಿದು, ಗೇರ್‌ಬಾಕ್ಸನ್ನು ಎರಡನೆಯ ಬಾರಿ ನೆಲಕ್ಕೆ ಇಳಿಸಬೇಕಾಯಿತು. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಸ್ಯಾಂಡ್‌ಪೇಪರ್ ಉಜ್ಜಿ ಮತ್ತೆ ಹಾಕುವ ಸಲಹೆಯೂ ಬಂತು. ನಾನು ಒಪ್ಪಲಿಲ್ಲ, ಲೈನಿಂಗ್ ಒಳಗೆ ಇಂಗಿದ ಎಣ್ಣೆ ಕಾವೇರಿದಾಗ ಮತ್ತೆ ಮೇಲಕ್ಕೆ ಬರುತ್ತದೆ.

ಈ ಬಾರಿ ಬೇರೆ ಗ್ಯಾರೇಜಿನಲ್ಲಿ, ನಾನು ಪಕ್ಕದಲ್ಲೇ ನಿಂತು ಪೂರ್ತಿ ಸೆಟ್ ಹಾಕಿಸಿದೆ. ಫ್ಲೈವೀಲನ್ನು ಬಿಚ್ಚಿ ಲೇತಿಗೆ ಕಳುಹಿಸಿ ಮುಖ ಸಮ ಮಾಡಿಸಿದ್ದು 400 ರೂಪಾಯಿ. ಅದು ಹೊರಗಿದ್ದಾಗ ಹಿಂದಿನ ಸೀಲ್ ಬದಲಾಯಿಸುವುದು ಹೆಚ್ಚಿನ ಕೆಲಸವೇ ಆಗಲಿಲ್ಲ. ಸೆಟ್ಟಿಗೆ 2,600, ಗೇರ್ ಆಯಿಲಿಗೆ 320, ಕೂಲಿ 1,600, ಲೇತ್ ಮತ್ತು ಸೀಲಿನ ಖರ್ಚೂ ಸೇರಿ ಒಟ್ಟು 5,100 ರೂಪಾಯಿ ಆಯಿತು. ಹಳೆಯ ಪ್ರೆಷರ್ ಪ್ಲೇಟನ್ನು ಹೊಸದರ ಪಕ್ಕದಲ್ಲಿ ಇಟ್ಟಾಗ ಬೇರಿಂಗ್ ತಾಗುವ ಬೆರಳ ತುದಿಗಳು ಒಂದೊಂದು ಒಂದೊಂದು ಮಟ್ಟಕ್ಕೆ ಸವೆದಿದ್ದು ಕಣ್ಣಿಗೇ ಕಾಣುತ್ತಿತ್ತು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದ ಆ ಮೆಕ್ಯಾನಿಕರ ತಾಳ್ಮೆಯನ್ನು ಇಲ್ಲಿ ನೆನೆಯಲೇಬೇಕು. ಮೊದಲ 500 ಕಿ.ಮೀ. ಗಾಡಿಯನ್ನು ನಿಧಾನವಾಗಿ ಓಡಿಸಿದೆ. ಪೆಡಲ್ ಹಗುರವಾಗಿದೆ, ನಡುಕ ಪೂರ್ತಿ ಹೋಗಿದೆ.

ಪ್ಲೇಟ್ ಮಾತ್ರ ಹಾಕಿಸಿದರೆ ಆಗ 2,180 ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದವನು ಎರಡೂ ಸೇರಿ 8,020 ಕೊಟ್ಟಿದ್ದೇನೆ. ಊರೊಳಗೆ ಸಮತಟ್ಟಾದ ರಸ್ತೆಯಲ್ಲೇ ಓಡಿಸಿ ಆರು ತಿಂಗಳಿನಲ್ಲಿ ಕಾರು ಮಾರುವ ಯೋಚನೆ ಇದ್ದವರಿಗೆ ಪ್ಲೇಟ್ ಮತ್ತು ಸೀಲ್ ಎರಡೇ ಸಾಕಾಗಬಹುದು. ಸೀಲನ್ನು ಮಾತ್ರ ಅವರೂ ಬಿಡಬಾರದು. ನಾನು ಈ ಕಾರನ್ನು ಮಾರುವವನಲ್ಲ, ಘಾಟಿ ಹತ್ತುವುದೂ ತಪ್ಪುವುದಿಲ್ಲ, ಒಮ್ಮೆಗೆ 5,100 ರೂಪಾಯಿ ಹೊಂದಿಸುವುದು ನನಗೆ ಕಷ್ಟವಾದರೂ ಸಾಧ್ಯವಿತ್ತು. ಈಗ ತಿಂಗಳಿಗೊಮ್ಮೆ ಪೆಡಲಿನ ಸಡಿಲವನ್ನು ಕೈಯಿಂದ ಒತ್ತಿ ನೋಡುತ್ತೇನೆ, ಬೆಳಿಗ್ಗೆ ಕಾರು ತೆಗೆಯುವಾಗ ನೆಲದ ಮೇಲೆ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತೇನೆ. ಈ ಮಳೆಗಾಲ ಮುಗಿಯುವವರೆಗೂ ನೆಲ ಒಣಗಿಯೇ ಇತ್ತು.