ಜಪಾನೀಸ್ ಕಲಿಯಲು ಮಕ್ಕಳ ಪುಸ್ತಕ: ಯಾವುದು ಕೈ ಹಿಡಿಯುತ್ತದೆ?

ಜಪಾನೀಸ್ ಕಲಿಯಲು ಶುರು ಮಾಡಿದವರಿಗೆ ಸಿಗುವ ಸಲಹೆ ಒಂದೇ. ಮಕ್ಕಳ ಪುಸ್ತಕ ಓದಿ, ಸುಲಭವಾಗಿರುತ್ತದೆ. ನಾನೂ ನಂಬಿದೆ. ಉಚ್ಚಾರಣೆ ಬರೆಯುವ ಹಿರಗಾನ, ಕತಾಕಾನ ಅಕ್ಷರಮಾಲೆ ಎರಡೂ ಬರುತ್ತಿತ್ತು, ಪದದ ಅರ್ಥ ತೋರಿಸುವ ಚೀನೀ ಮೂಲದ ಅಕ್ಷರಗಳಾದ ಕಾಂಜಿಯಲ್ಲಿ ನೂರೈವತ್ತು ಗುರುತು ಸಿಗುತ್ತಿತ್ತು. ಮೂರು ವರ್ಷದ ಮಗುವಿಗೆ ಬರೆದದ್ದು ನನಗೆ ಅರ್ಥವಾಗಲ್ವಾ ಅನ್ನುವ ಧೈರ್ಯ. ಮೂರು ತರಹದ ಪುಸ್ತಕ ಓದಿದ ಮೇಲೆ ಹೇಳುತ್ತಿದ್ದೇನೆ, ತೀರಾ ಚಿಕ್ಕ ಮಕ್ಕಳ ಪುಸ್ತಕವೇ ನಮ್ಮಂಥವರಿಗೆ ಜಾಸ್ತಿ ಕಷ್ಟ.

ಮೊದಲು ಓದಿದ್ದು ಫುಕುಇನ್‌ಕಾನ್ ಶೋತೆನ್ ಪ್ರಕಾಶನದ 'ಗುರಿ ತೊ ಗುರಾ'. 1967ರಲ್ಲಿ ಪುಸ್ತಕವಾಗಿ ಬಂದದ್ದು, ಜಪಾನಿನಲ್ಲಿ ಅಜ್ಜಿಗೂ ಗೊತ್ತು, ಮೊಮ್ಮಗುವಿಗೂ ಗೊತ್ತು. ಎರಡು ಇಲಿಗಳಿಗೆ ಕಾಡಿನಲ್ಲಿ ಭಾರೀ ಮೊಟ್ಟೆಯೊಂದು ಸಿಗುತ್ತದೆ. ಹೊತ್ತು ತರಲು ಆಗುವುದಿಲ್ಲ. ಅದಕ್ಕೆ ಪಾತ್ರೆಯನ್ನೇ ಅಲ್ಲಿಗೆ ಒಯ್ದು, ಕಸ್ತೆರಾ ಅನ್ನುವ ಕೇಕ್ ಮಾಡಿ, ಪ್ರಾಣಿಗಳಿಗೆಲ್ಲ ಹಂಚುತ್ತವೆ. ಚಿತ್ರಗಳನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಓದಲು ಕೂತಾಗ ಒದ್ದಾಡಿದೆ. ಆಮೇಲೆ ಗೊತ್ತಾಯಿತು, ಈ ಪ್ರಕಾಶಕರು ಎರಡು ವಯಸ್ಸು ಕೊಡುತ್ತಾರೆ, ದೊಡ್ಡವರು ಓದಿ ಹೇಳುವುದಾದರೆ ಒಂದು, ಮಗು ತಾನೇ ಓದುವುದಾದರೆ ಇನ್ನೊಂದು. ಮೂರು ವರ್ಷ ಅನ್ನುವುದು ಕೇಳುವ ಮಗುವಿನ ಲೆಕ್ಕ. ಆ ಮಗುವಿಗೆ ಮಾತು ಆಗಲೇ ಬರುತ್ತದೆ, ನಮಗೆ ಬರುವುದಿಲ್ಲ ಅಲ್ವಾ?

ನಿಜವಾದ ತೊಡಕು ಕಾಂಜಿ ಇರುವುದರಲ್ಲಿಲ್ಲ, ಇಲ್ಲದಿರುವುದರಲ್ಲಿದೆ. ಒಂದು ಪುಸ್ತಕದಲ್ಲಿ 'ಇನು ಓ ಕೌ' ಅಂತ ಬರೀ ಹಿರಗಾನದಲ್ಲಿತ್ತು. ನಾಯಿ ಕೊಂಡುಕೊಳ್ಳುವುದಾ, ನಾಯಿ ಸಾಕುವುದಾ? ಎರಡಕ್ಕೂ 'ಕೌ' ಅಂತಲೇ ಬರೆಯುತ್ತಾರೆ. ಕಾಂಜಿ ಇದ್ದಿದ್ದರೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಕೊಳ್ಳುವ 'ಕೌ' ಎರಡನೇ ಕ್ಲಾಸಿನ ಕಾಂಜಿ, ಸಾಕುವ 'ಕೌ' ಐದನೇ ಕ್ಲಾಸಿನದು. ಹಾಗಾಗಿ ಚಿಕ್ಕವರ ಪುಸ್ತಕದಲ್ಲಿ ಅದು ಹಿರಗಾನದಲ್ಲೇ ಉಳಿಯುತ್ತದೆ. ಇನ್ನು ಸದ್ದಿನ ಪದಗಳು. ಗುಡುಗುವುದೂ ಗೊರೊಗೊರೊ, ಬೆಕ್ಕು ಗುರುಗುಟ್ಟುವುದೂ ಗೊರೊಗೊರೊ, ಮನೆಯಲ್ಲಿ ಸುಮ್ನೆ ಬಿದ್ದುಕೊಂಡಿರುವುದೂ ಗೊರೊಗೊರೊ! ಚಿತ್ರ ನೋಡಿಯೇ ತಿಳಿಯಬೇಕು.

ಎರಡನೆಯದು ಜಾನಪದ ಕಥೆಗಳು. ಕಥೆ ಮೊದಲೇ ಗೊತ್ತಿದ್ದರೆ ಮಾತ್ರ ತೆಗೆದುಕೊಳ್ಳಿ. ಮೊಮೊತಾರೊ ಕಥೆಯ ಮೊದಲ ಸಾಲಿನಲ್ಲೇ ಅಜ್ಜ 'ಶಿಬಾಕಾರಿ'ಗೆ, ಅಂದರೆ ಉರುವಲು ತರಲು ಹೋಗುತ್ತಾನೆ. ಇವತ್ತು ಯಾರೂ ದಿನಬಳಕೆಯಲ್ಲಿ ಆಡುವ ಮಾತಲ್ಲ ಅದು.

ಕೈ ಹಿಡಿದದ್ದು ಮೂರನೆಯದು. ಗಕ್ಕೆನ್ ಪ್ರಕಾಶನದ 'ನಾಜೆ? ದೋಶಿತೆ?' ಸರಣಿ, ಹೆಸರೇ 'ಯಾಕೆ? ಹೇಗೆ?' ಅಂತ. ಒಂದನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಬೇರೆ ಬೇರೆ ಪುಸ್ತಕಗಳಿವೆ. ಒಂದೊಂದು ಪ್ರಶ್ನೆಗೂ ಕೆಲವೇ ಪುಟದ ಉತ್ತರ. ಕಾಂಜಿ ಇದೆ, ಪಕ್ಕದಲ್ಲೇ ಓದುವ ಬಗೆ ಹೇಳುವ ಫುರಿಗಾನ ಇದೆ. ಆಕಾಶ ಯಾಕೆ ನೀಲಿ ಅನ್ನುವುದು ನಮಗೆ ಗೊತ್ತಿರುವ ವಿಷಯವೇ ಆದ್ದರಿಂದ ಗೊತ್ತಿಲ್ಲದ ಪದದ ಅರ್ಥವನ್ನೂ ಊಹಿಸಬಹುದು. 'ಯಾಕೆಂದರೆ', 'ಅದರಿಂದ' ಅನ್ನುವ ವಾಕ್ಯಗಳು ಮತ್ತೆ ಮತ್ತೆ ಬಂದು ತಾನಾಗಿ ಬಾಯಿಗೆ ಕೂರುತ್ತವೆ. ಜಪಾನಿನಲ್ಲಿ ಒಂದನೇ ಕ್ಲಾಸಿಗೆ 80 ಕಾಂಜಿ, ಎರಡನೇ ಕ್ಲಾಸಿಗೆ ಇನ್ನೂ 160. ನಿಮಗೆ ಎಷ್ಟು ಬರುತ್ತದೆ ಅಂತ ಎಣಿಸಿ, ಅದಕ್ಕೆ ಹೊಂದುವ ಕ್ಲಾಸಿನಿಂದ ಶುರು ಮಾಡಿ.

ಕನ್ನಡದವರಿಗೆ ಇಲ್ಲೊಂದು ಅನುಕೂಲವಿದೆ, ಇದನ್ನು ಯಾರೂ ಮೊದಲೇ ಹೇಳಲಿಲ್ಲವಲ್ಲ ಅನಿಸಿತು. 'ತಬೆತೆ ನೇತಾ' ಅಂದರೆ 'ತಿಂದು ಮಲಗಿದ', ಪದಕ್ಕೆ ಪದ ಹಾಗೇ ಕೂರುತ್ತದೆ. 'ತೊ ಇತ್ತಾ' ಅಂದರೆ 'ಅಂತ ಹೇಳಿದ'. ಕ್ರಿಯಾಪದ ಕೊನೆಗೇ ಬರುತ್ತದೆ. ಹಾಗಾಗಿ ಉದ್ದ ವಾಕ್ಯ ಕಂಡರೆ ಬೆಚ್ಚಬೇಡಿ, ಇಂಗ್ಲಿಷಿಗೆ ತಿರುಗಿಸದೆ ನೇರವಾಗಿ ಕನ್ನಡದಲ್ಲೇ ಅರ್ಥ ಮಾಡಿಕೊಳ್ಳುತ್ತಾ ಹೋಗಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೊಳ್ಳುವ ಮೊದಲು 'ತಮೆಶಿಯೊಮಿ' ಅಂತ ಹುಡುಕಿ. ಎಷ್ಟೋ ಪುಸ್ತಕಗಳ ಕೆಲವು ಪುಟಗಳನ್ನು ಬಿಟ್ಟಿಯಾಗಿ ಓದಲು ಬಿಡುತ್ತಾರೆ. ಒಂದು ಪುಟ ಜೋರಾಗಿ ಓದಿ. ಐದಾರು ಕಡೆ ಎಡವಿದರೆ ಒಂದು ಕ್ಲಾಸು ಕೆಳಗಿನದನ್ನು ನೋಡಿ. ಮಧ್ಯೆ ಬೇಜಾರಾದರೆ ಬಿಟ್ಟು ಬೇರೆ ಪುಸ್ತಕ ಹಿಡಿಯಿರಿ. ಜಪಾನಿನಲ್ಲಿ 'ತದೊಕು' ಅನ್ನುವ, ಜಾಸ್ತಿ ಓದಿ ಕಲಿಯುವ ಪದ್ಧತಿಯೂ ಇದನ್ನೇ ಹೇಳುತ್ತದೆ.

'ಗುರಿ ತೊ ಗುರಾ' ಬೇಡ ಅನ್ನುತ್ತಿಲ್ಲ, ಖಂಡಿತ ಕೊಳ್ಳಿ. ಎರಡನೇ ಕ್ಲಾಸಿನ ಪುಸ್ತಕ ಮುಗಿಸಿ ನಾನು ಅದನ್ನು ಮತ್ತೆ ತೆರೆದೆ. ಈ ಸಲ ಕೇಕ್ ಬೇಯುವ ಪುಟವನ್ನು ಎಲ್ಲೂ ನಿಲ್ಲಿಸದೆ ಜೋರಾಗಿ ಓದಿದೆ.