ಚಿಕ್ಕ ಪಿಸ್ತೂಲಿಗೆ ಯಾವ ಹಿಡಿ: ರಬ್ಬರ್, ಬೀಟೆ, ಜಿ-10?

ಪರವಾನಗಿಯ .32 ಅಳತೆಯ ಗುಂಡಿನ ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡು ಕೊಡಗಿನ ತೋಟ ಸುತ್ತುವವರು ಹಿಡಿ ಬದಲಿಸುವ ಮುನ್ನ ಮಳೆಯನ್ನು ನೆನೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅಂಗೈ ಒಣಗಿರುವುದೇ ಅಪರೂಪ.

ರಬ್ಬರ್ ಒದ್ದೆ ಕೈಯಲ್ಲೂ ಜಾರುವುದಿಲ್ಲ, ಗುಂಡು ಹಾರಿದಾಗಿನ ಒದೆತವನ್ನೂ ಮೆತ್ತಗಾಗಿಸುತ್ತದೆ. ಆದರೆ .32ರ ಒದೆತವೇ ಕಡಿಮೆ. ಆ ಲಾಭಕ್ಕಾಗಿ ದಪ್ಪ ಹೊರುವುದೇಕೆ? ತೊಂದರೆ ಬಟ್ಟೆಯದು. ಗಿಡದ ಬುಡ ನೋಡಲು ಬಗ್ಗಿ ಎದ್ದರೆ ಅಂಗಿ ರಬ್ಬರಿಗೆ ಕಚ್ಚಿಕೊಂಡು ಅಲ್ಲಿಯೇ ನಿಲ್ಲುತ್ತದೆ, ಹಿಡಿಯ ಆಕಾರ ಹೊರಗಿನವರಿಗೆ ಎದ್ದು ಕಾಣುತ್ತದೆ.

ಬೀಟೆ ಮರದ್ದು ಕಣ್ಣಿಗೆ ಹಬ್ಬ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ತೋಕ್ ಪೂವಿನ (ಕೋವಿ ಹೂವಿನ) ಕೆಂಪು ಹಳದಿ ಎಸಳು ಆ ಕಪ್ಪುಗೆಂಪು ಮರದ ಪಕ್ಕದಲ್ಲಿದ್ದರೆ ನೋಡುತ್ತಲೇ ಇರಬೇಕೆನಿಸುತ್ತದೆ. ಕೊಳ್ಳುವುದಾದರೆ ಚೌಕಳಿ ಗೆರೆ ಕೊರೆದದ್ದನ್ನೇ ಕೊಳ್ಳಿ, ನುಣುಪಾದದ್ದು ಬೆವರಿಗೆ ಜಾರುತ್ತದೆ. ಮರ ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಸ್ಕ್ರೂಗಳನ್ನು ಆಗಾಗ ನೋಡಬೇಕು.

ನನ್ನ ಆಯ್ಕೆ ಜಿ-10. ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯಿದು. ಮಳೆಗೆ ಉಬ್ಬುವುದಿಲ್ಲ, ಎಣ್ಣೆಗೆ ಕೆಡುವುದಿಲ್ಲ, ತೆಳ್ಳಗೂ ಇರುತ್ತದೆ. ತೀರಾ ಒರಟಾದದ್ದು ಪಕ್ಕೆಯ ಚರ್ಮವನ್ನು ತರಚುತ್ತದೆ, ಮಧ್ಯಮ ಒರಟಿನದು ಸಾಕು.

ಪಾಲಿಮರ್ ಚೌಕಟ್ಟಿನ ಎಷ್ಟೋ ಪಿಸ್ತೂಲುಗಳಲ್ಲಿ ಬಿಚ್ಚಿ ಬದಲಿಸುವ ಹಿಡಿಯ ಹಲಗೆಯೇ ಇರುವುದಿಲ್ಲ, ಮೊದಲು ನೋಡಿಕೊಳ್ಳಿ. ಸ್ಕ್ರೂ ಮುಟ್ಟುವ ಮುನ್ನ ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಮೇಲಿನ ಸ್ಲೈಡ್ ಹಿಂದಕ್ಕೆ ಎಳೆದು, ಗುಂಡು ಕೂರುವ ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಹೊಸ ಹಿಡಿ ಕೂರಿಸಿದ ಮೇಲೆ ಖಾಲಿ ಮ್ಯಾಗಜೀನ್ ಸಲೀಸಾಗಿ ಹೊರಬರದಿದ್ದರೆ ಅದನ್ನು ಅಂದೇ ಅಂಗಡಿಗೆ ಮರಳಿಸಿ.